ಮುರಿದ ಕೋಟೆಯನ್ನೂ ತೋರಿಸಿ

ಆತ್ಮೀಯ ಬಂಧುಗಳೇ,

ಬೇಸಿಗೆ ರಜೆ ಬಂತು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಅವರನ್ನು ಇಲ್ಲಿ ಜರ್ಮನಿಯ ರೈನ್ ನದಿ ಕಣಿವೆಗೆ ಕರೆದೊಯ್ಯುವ ನಾವು ದೋಣಿ ಹತ್ತಿಸಿ, ಲೋರೆಲೈ ಬಂಡೆ ತೋರಿಸಿ, ಸಂಜೆಗೆ ವಾಪಸ್ ಬಂದುಬಿಡುತ್ತೇವೆ. ಈ ಸಲ ನದಿದಂಡೆಯ ಊರು ಸಾಂಕ್ಟ್ ಗೋವರ್‌ನಲ್ಲಿ ಇಳಿಯಿರಿ. ಗುಡ್ಡದ ಮೇಲೆ ರೈನ್‌ಫೆಲ್ಸ್ ಇದೆ. ಬಹುಪಾಲು ಬಿದ್ದುಹೋದ ಕೋಟೆ. ಆದರೆ ಇಡೀ ಕಣಿವೆಯಲ್ಲಿ ನನಗೆ ಇದರಷ್ಟು ಹಿಡಿಸಿದ ಜಾಗ ಇನ್ನೊಂದಿಲ್ಲ.

ಬಿಂಗೆನ್‌ನಿಂದ ಕೊಬ್ಲೆಂಜ್‌ವರೆಗೆ ಸುಮಾರು 65 ಕಿ.ಮೀ. ಅಷ್ಟರೊಳಗೆ 40ರಷ್ಟು ಕೋಟೆಗಳು. ಇಷ್ಟು ಹತ್ತಿರ ಹತ್ತಿರ ಯಾಕೆ ಕಟ್ಟಿದರು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ದೊಡ್ಡ ಕಾರಣ ಸುಂಕ. ಕೌಬ್ ಬಳಿ ನಡುನೀರಿನಲ್ಲಿ ನಿಂತಿರುವ ಫಾಲ್ಸ್‌ಗ್ರಾಫೆನ್‌ಸ್ಟೈನ್ ಕಟ್ಟಿದ್ದೇ ವಸೂಲಿಗೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ? ಹಣ ಕೊಟ್ಟರಷ್ಟೇ ದೋಣಿ ಮುಂದಕ್ಕೆ.

ರೈನ್‌ಫೆಲ್ಸ್ ಕಥೆಯೂ ಅಲ್ಲಿಂದಲೇ ಶುರು. 1245ರಲ್ಲಿ ಕಾಟ್ಸೆನೆಲ್ನ್‌ಬೋಗೆನ್‌ನ ಕೌಂಟ್ ಡೀಟರ್ ಇದನ್ನು ಕಟ್ಟಿಸಿದ. ಸುಂಕದ ಕಾಟ ತಡೆಯಲಾರದೆ ರೈನ್ ದಂಡೆಯ ಪಟ್ಟಣಗಳು ಒಟ್ಟಾಗಿ 1255ರಲ್ಲಿ ಮುತ್ತಿಗೆ ಹಾಕಿದವು. ಒಂದು ವರ್ಷಕ್ಕೂ ಜಾಸ್ತಿ ಕಾದರೂ ಕೋಟೆ ಬಗ್ಗಲಿಲ್ಲ. 1692ರಲ್ಲಿ ಫ್ರೆಂಚರ ದೊಡ್ಡ ಸೈನ್ಯಕ್ಕೂ ಬಗ್ಗಲಿಲ್ಲ. ಅಂಥ ಕೋಟೆಯನ್ನು 1794ರಲ್ಲಿ ಕಾದಾಟವೇ ಇಲ್ಲದೆ ಫ್ರೆಂಚರಿಗೆ ಬಿಟ್ಟುಕೊಟ್ಟರು! ಅವರು ಮದ್ದಿಟ್ಟು ಸಿಡಿಸಿದರು. ಆಮೇಲೆ ಅದು ಕಲ್ಲಿನ ಕ್ವಾರಿಯಂತಾಯಿತು. ಇಲ್ಲಿನ ಕಲ್ಲು ಕೊಬ್ಲೆಂಜ್‌ನ ಎಹ್ರೆನ್‌ಬ್ರೈಟ್‌ಸ್ಟೈನ್ ಕೋಟೆಗೂ ಹೋಯಿತು. 1843ರಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ರಾಜಕುಮಾರ ವಿಲ್‌ಹೆಲ್ಮ್ ಕೊಂಡುಕೊಂಡಿದ್ದರಿಂದ ಉಳಿದಿದ್ದಷ್ಟು ಉಳಿಯಿತು. ಈ ಗೋಡೆಗಳ ನಡುವೆ ನಿಂತರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಎಷ್ಟು ದಪ್ಪ ಗೋಡೆ, ಎಲ್ಲಿ ಸೀಳಿದೆ ಅಂತ ಮಕ್ಕಳೇ ತೋರಿಸುತ್ತಾರೆ.

ಇದೇ ಕಣಿವೆಯಲ್ಲಿ ಮುರಿಯದೆ ನಿಂತಿರುವ ಸ್ಟೋಲ್ಸೆನ್‌ಫೆಲ್ಸ್ ಕೋಟೆ ಚೆನ್ನಾಗಿಲ್ಲ ಅಂತಲ್ಲ. ಆದರೆ ಅದು 19ನೇ ಶತಮಾನದಲ್ಲಿ ಪ್ರಷ್ಯಾದ ದೊರೆ ಹಾಳುಬಿದ್ದ ಕೋಟೆಯ ಮೇಲೆ ಕಟ್ಟಿಸಿಕೊಂಡ ಅರಮನೆ. ಮಧ್ಯಯುಗದವರು ಹೇಗೆ ಬಾಳಿದರು ಅಂತ ನೋಡಬೇಕಾದರೆ ಬ್ರೌಬಾಖ್‌ನ ಮಾರ್ಕ್ಸ್‌ಬುರ್ಗ್‌ಗೆ ಹೋಗಿ. ಕಣಿವೆಯ ಈ ಭಾಗದಲ್ಲಿ ಗುಡ್ಡದ ಮೇಲಿದ್ದೂ ಯಾವತ್ತೂ ನಾಶವಾಗದ ಕೋಟೆ ಅದೊಂದೇ. ಅಡುಗೆಮನೆಯ ದೊಡ್ಡ ಒಲೆ ನೋಡಿ ಅಮ್ಮಂದಿರು ಬೇಗ ಅಲ್ಲಿಂದ ಕದಲುವುದಿಲ್ಲ. ಒಳಗೆ ಗೈಡ್ ಜೊತೆಗೇ ಹೋಗಬೇಕು. ಹಾಗಾಗಿ ಸಮಯ ಮೊದಲೇ ನೋಡಿಕೊಳ್ಳಿ. ಬಂಡೆಯಲ್ಲೇ ಕಡಿದ ಮೆಟ್ಟಿಲು ಏರುಪೇರಾಗಿವೆ. ಮಂಡಿ ನೋವಿರುವವರ ಕೈ ಹಿಡಿದುಕೊಳ್ಳಿ, ಒಳ್ಳೆ ಶೂ ಹಾಕಿಸಿ.

ರೈನ್‌ಫೆಲ್ಸ್, ಮಾರ್ಕ್ಸ್‌ಬುರ್ಗ್ ಎರಡೂ ಒಂದೇ ದಿನದಲ್ಲಿ ಆಗುತ್ತದೆ. ಇವೆರಡರ ನಡುವೆ ನದಿಗೆ ಸೇತುವೆ ಇಲ್ಲ. ಸಾಂಕ್ಟ್ ಗೋವರ್‌ನಿಂದ ಫೆರಿಯಲ್ಲಿ ಆಚೆ ದಡಕ್ಕೆ ದಾಟಿ, ಅಲ್ಲಿಂದ ಬ್ರೌಬಾಖ್‌ಗೆ ರೈಲು ಹಿಡಿಯಿರಿ. 2029ರಲ್ಲಿ ಜರ್ಮನಿಯ ರಾಷ್ಟ್ರೀಯ ಉದ್ಯಾನ ಪ್ರದರ್ಶನ ಇದೇ ಕಣಿವೆಯಲ್ಲಿ ನಡೆಯಲಿದೆ. ಆಗ ಜನ ಜಾಸ್ತಿ. ಈ ವರ್ಷವೇ ಹೋಗಿಬನ್ನಿ.

– ಸಂಪಾದಕರು