ನಟನೆಯ ಬಹುಮಾನಕ್ಕೆ ಇನ್ನು ಎರಡು ತಗಡು: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಾಟಕ ತಂಡಗಳ, ಯುವಕ ಮಂಡಲಗಳ, ಕಾಲೇಜು ಸಂಘಗಳ ಕಾರ್ಯದರ್ಶಿಗಳಿಗೆ ಉಡುಪಿಯ ನಿಮ್ಮ ಸ್ಮರಣಿಕೆ ಅಂಗಡಿಯಿಂದ ನಮಸ್ಕಾರ.

ಮಳೆ ನಿಂತು ಸ್ಪರ್ಧೆಗಳ ಗಡಿಬಿಡಿ ಶುರುವಾಗುವ ಮೊದಲೇ ಹೇಳಿಬಿಡುತ್ತೇವೆ. ಈ ಸಲದಿಂದ ನಟನೆಯ ಬಹುಮಾನಗಳಿಗೆ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಪ್ ಕೊಡುವುದಿಲ್ಲ. ಹಲಸಿನ ಹಲಗೆಯ ಮೇಲೆ ಹಿತ್ತಾಳೆ ತಗಡು ಕೂರಿಸಿದ ಫಲಕ ಮಾತ್ರ. ಒಂದು ಫಲಕಕ್ಕೆ ಎರಡು ತಗಡು. ಮೇಲಿನದು ಸಂಸ್ಥೆಗೆ ಮತ್ತು ಬಹುಮಾನದ ದಾನಿಗಳಿಗೆ. ಕೆಳಗಿನದು ನಟನಿಗೆ: ಹೆಸರು, ಪಾತ್ರ, ನಾಟಕ, ಇಸವಿ. ಕೆಳಗಿನ ತಗಡೇ ದೊಡ್ಡದು. ಇದರಲ್ಲಿ ಚೌಕಾಸಿ ಇಲ್ಲ.

ಕ್ರಿಕೆಟ್, ವಾಲಿಬಾಲ್‌ನವರು ಹೆದರಬೇಡಿ. ನಿಮ್ಮ ಕಪ್ ನಿಮಗೆ ಹಾಗೆಯೇ ಸಿಗುತ್ತದೆ.

ಯಾಕೆ ಈ ಬದಲಾವಣೆ ಅಂತ ಕೇಳುತ್ತೀರಿ. ಕಳೆದ ಜೂನ್‌ನಲ್ಲಿ ಜೋರು ಮಳೆಯ ದಿನ ಒಬ್ಬ ಹಿರಿಯರು ಅಂಗಡಿಗೆ ಬಂದರು. ಪ್ಲಾಸ್ಟಿಕ್ ಚೀಲದೊಳಗೆ ಪೇಪರು, ಪೇಪರಿನೊಳಗೆ ಒಂದು ಶೀಲ್ಡ್. ಹೊಳಪು ಎದ್ದು ಹೋಗಿ ಕಪ್ಪಾಗಿತ್ತು. ಓದಿ ನೋಡಿದೆವು. ದಾನಿಗಳ ಹೆಸರು, ಯಾರ ಸ್ಮರಣಾರ್ಥವೋ ಅವರ ಹೆಸರು, ಮುಖ್ಯ ಅತಿಥಿಯ ಹೆಸರು, ಕೊನೆಗೆ ಸಣ್ಣದಾಗಿ ‘ಶ್ರೇಷ್ಠ ನಟ, ದ್ವಿತೀಯ’. ನಟ ಯಾರು? ಬರೆದಿಲ್ಲ. ಯಾವ ನಾಟಕ, ಯಾವ ವರ್ಷ, ಅದೂ ಇಲ್ಲ. ಒಂದೇ ದೃಶ್ಯದಲ್ಲಿ ಬಂದು ಹೋಗುವ ಪೋಸ್ಟ್‌ಮ್ಯಾನ್ ಪಾತ್ರವಂತೆ. “ಮೊಮ್ಮಗ ಇದು ನಿನ್ನದು ಅಂತ ಏನು ಗ್ಯಾರಂಟಿ ಅಜ್ಜಾ ಅಂತ ಕೇಳ್ತಾನೆ ಮಾರಾಯ್ರೆ” ಅಂದರು. ನಗುತ್ತಲೇ ಹೇಳಿದರು, ನಮಗೆ ಮಾತ್ರ ನಗು ಬರಲಿಲ್ಲ. ಅಂಥ ಶೀಲ್ಡುಗಳನ್ನು ಇಷ್ಟು ವರ್ಷ ಮಾಡಿ ಮಾರಿದವರಲ್ಲಿ ನಾವೂ ಇದ್ದೇವೆ, ಅಲ್ವಾ?

ಕೊಡುವವರ ಹೆಸರು ದೊಡ್ಡದಾಗುವ ಚಾಳಿ ಹಳೆಯದೇ. ಊರೂರು ತಿರುಗಿ ಆಡುವ ವೃತ್ತಿ ತಂಡಗಳ, ಅಂದರೆ ಕಂಪನಿ ನಾಟಕದ ಕಾಲದಲ್ಲಿ ಬಹುಮಾನ ಅಂದರೆ ಪದಕ. ಆಟದ ನಡುವೆಯೇ ಊರಿನ ಸಾಹುಕಾರರು ರಂಗದ ಮೇಲೆ ಬಂದು ಘೋಷಿಸುತ್ತಿದ್ದರು. ಉತ್ತರ ಕರ್ನಾಟಕದ ಹಳ್ಳಿ ನಾಟಕಗಳಲ್ಲಿ ಆಯೇರಿ (ಮೆಚ್ಚುಗೆಯ ಕಾಣಿಕೆ) ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುವುದು ಇದರದ್ದೇ ತಮ್ಮ. ಆದರೆ ಆ ಪದಕಗಳನ್ನು ನಟರು ಕೋಟಿನ ಮೇಲೆ ಸಾಲಾಗಿ ಸಿಕ್ಕಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಾಗಾಗಿ ಪದಕ ಯಾರದ್ದು ಅಂತ ಯಾರೂ ಕೇಳುವಂತಿರಲಿಲ್ಲ. ಇನ್ನು ದೊಡ್ಡವರಿಗೆ ಬಿರುದೇ ಹೆಸರಾಯಿತು. ವರದಾಚಾರ್ಯರು ‘ನಾಟಕ ಶಿರೋಮಣಿ’, ಗುಬ್ಬಿ ವೀರಣ್ಣನವರು ‘ನಾಟಕ ರತ್ನ’, ಗರೂಡ ಸದಾಶಿವರಾಯರು ‘ಅಭಿನಯ ಕೇಸರಿ’. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ನಮ್ಮ ಬಂಟ್ವಾಳದ ಕಡೆಯ ಮಂಚಿಯ ಹುಡುಗ, ಮುಂದೆ ಹೆಸರಾಂತ ರಂಗನಿರ್ದೇಶಕರಾದ ಬಿ.ವಿ. ಕಾರಂತರು ಮನೆ ಬಿಟ್ಟು ಹೋಗಿ ಸೇರಿದ್ದೂ ಆ ಕಂಪನಿಯನ್ನೇ.

ಹವ್ಯಾಸಿ ತಂಡಗಳು ಬಂದ ಮೇಲೆ ಲೆಕ್ಕ ಬೇರೆಯಾಯಿತು. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ್ದು 1909ರಲ್ಲಿ. ನಮ್ಮೂರಿನ ರಂಗಭೂಮಿ ಸಂಸ್ಥೆ 1965ರದ್ದು. ಅವರ ರಾಜ್ಯಮಟ್ಟದ ನಾಟಕ ಸ್ಪರ್ಧೆಗೆ 40 ವರ್ಷ ಯಾವತ್ತೋ ದಾಟಿತು. ನಾವು ಅಲ್ಲಿ ಬರೀ ಪ್ರೇಕ್ಷಕರು, ಅಂಗಡಿಗೆ ಬೇಗ ಬಾಗಿಲು ಹಾಕಿ ಹೋಗಿ ಕೂರುವವರು. ಬ್ಯಾಂಕಿನಲ್ಲಿ, ಶಾಲೆಯಲ್ಲಿ ದುಡಿದು ರಾತ್ರಿ ರಿಹರ್ಸಲ್ ಮಾಡುವ ಇಂಥ ನಟರಿಗೆ ಸಂಬಳ ಇಲ್ಲ, ಬಿರುದೂ ಇಲ್ಲ. ವರ್ಷಕ್ಕೊಮ್ಮೆ ಸಿಕ್ಕರೆ ಒಂದು ಫಲಕ. ಅದರಲ್ಲೂ ಹೆಸರಿಲ್ಲ ಅಂದರೆ ಹೇಗೆ?

ಪಾತ್ರವನ್ನೂ ಬರೆಯುತ್ತೇವೆ ಅಂದೆವಲ್ಲ, ಅದಕ್ಕೂ ಕಾರಣ ಇದೆ. ಹೆಣ್ಣು ಪಾತ್ರ ಗಂಡಸರೇ ಮಾಡುತ್ತಿದ್ದ ಕಾಲ ಒಂದಿತ್ತು. ಕಂಪನಿ ನಾಟಕದ ನಟ ಏಣಗಿ ಬಾಳಪ್ಪನವರಂಥವರು ಹುಡುಗರಾಗಿದ್ದಾಗ ಸ್ತ್ರೀ ಪಾತ್ರ ಮಾಡಿ ಬೆಳೆದವರು. ಈಗಲೂ ನಾಟಕದಲ್ಲಿ ಹುಡುಗಿಯರು ರಾಜನ ಪಾತ್ರ ಮಾಡುತ್ತಾರೆ, ಹುಡುಗರು ಅಜ್ಜಿಯಾಗುತ್ತಾರೆ. ‘ಶ್ರೇಷ್ಠ ನಟಿ’ ಅಂತ ಮಾತ್ರ ಬರೆದರೆ ಆಕೆ ಏನು ಮಾಡಿ ಗೆದ್ದಳು ಅನ್ನುವುದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ಈಗ ಕೆಲಸದ ಮಾತು. ತೀರ್ಪು ಕೊನೆಯ ರಾತ್ರಿ ಬರುತ್ತದೆ, ಹೆಸರು ಮೊದಲೇ ಕೆತ್ತುವುದು ಹೇಗೆ ಅಂತ ನೀವು ಹೇಳುವುದು ಸರಿ. ಅದಕ್ಕೇ ಎರಡು ತಗಡು. ಮೇಲಿನದನ್ನು ಕೂರಿಸಿ ಫಲಕ ಮೊದಲೇ ಕೊಡುತ್ತೇವೆ. ತೀರ್ಪುಗಾರರ ಪಟ್ಟಿ ಸಮಾರೋಪದ ಬೆಳಿಗ್ಗೆ ಹತ್ತರೊಳಗೆ ನಮ್ಮ ಕೈ ಸೇರಿದರೆ ಸಂಜೆಗೆ ಕೆಳಗಿನ ತಗಡೂ ರೆಡಿ. ಕೆತ್ತುವ ಯಂತ್ರಕ್ಕೆ ಒಂದು ತಗಡಿಗೆ ಕಾಲು ಗಂಟೆ ಸಾಕು. ಗುಟ್ಟು ನಮ್ಮ ಬಾಯಿಂದ ಹೊರಗೆ ಬೀಳುವುದಿಲ್ಲ. ಪಟ್ಟಿ ತಡವಾದರೆ ಫಲಕವನ್ನು ವೇದಿಕೆಯಲ್ಲಿ ಹಾಗೆಯೇ ಕೊಡಿ. ನಟರು ಎಂಟು ದಿನದೊಳಗೆ ತಂದರೆ ಎರಡು ಸ್ಕ್ರೂ ಹಾಕಿ ಕೂರಿಸಿ ಕೊಡುತ್ತೇವೆ. ದೂರದವರಿಗೆ ತಗಡು, ಸ್ಕ್ರೂ ಎರಡನ್ನೂ ಅಂಚೆಯಲ್ಲಿ ಕಳಿಸುತ್ತೇವೆ. ಹೆಸರನ್ನು ಕನ್ನಡದಲ್ಲಿ, ಬಿಡಿಸಿ ಬರೆದು ಕೊಡಿ. ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಬೇಡ. ‘ಶಶಿಧರ’ ಯಾರು, ‘ಸಸಿಧರ’ ಯಾರು ಅಂತ ನಮ್ಮ ಹುಡುಗನಿಗೆ ಗೊತ್ತಾಗುವುದಿಲ್ಲ.

ಆರ್ಡರ್ ಹದಿನೈದು ದಿನ ಮುಂಚೆ ಬರಬೇಕು. ಹಲಗೆ ಒಣಗಿಸಿ ಪಾಲಿಶ್ ಹೊಡೆಯಬೇಕಲ್ಲ. ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿ ಸಂಜೆ ಐದಕ್ಕೆ ಹನ್ನೆರಡು ಬಹುಮಾನ ಕೇಳುವ ಪ್ರೀತಿಯ ಗ್ರಾಹಕರೇ, ನಿಮಗೇ ಹೇಳುತ್ತಿರುವುದು. ದರ ಜಾಸ್ತಿಯಾಗಿದೆ, ಮುಚ್ಚಿಡುವುದಿಲ್ಲ. ಕಪ್ 350 ರೂಪಾಯಿ ಇತ್ತು. ಎರಡು ತಗಡಿನ ಫಲಕಕ್ಕೆ 520. ಬಜೆಟ್ ಸಾಲದಿದ್ದರೆ ಅತಿಥಿಗಳಿಗೆ ಕೊಡುವ ಸ್ಮರಣಿಕೆಯನ್ನು ಸ್ವಲ್ಪ ಚಿಕ್ಕದು ಮಾಡಿ, ಅವರ ಮನೆಯಲ್ಲಿ ಹೇಗೂ ಜಾಗ ಇರುವುದಿಲ್ಲ.

ನಮ್ಮ ಕಡಲ ಗಾಳಿಗೆ ಹಿತ್ತಾಳೆ ಕಪ್ಪಾಗುತ್ತದೆ. ಮೇಲೆ ವಾರ್ನಿಷ್ ಇದೆ, ನಾಲ್ಕೈದು ವರ್ಷ ತೊಂದರೆ ಇಲ್ಲ. ಆಮೇಲೆ ಸುಮ್ನೆ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಆಯಿತು. ಹುಳಿ ಮರಕ್ಕೆ ತಾಗದ ಹಾಗೆ ನೋಡಿಕೊಳ್ಳಿ.

ಹೆಸರಿಲ್ಲದ ಹಳೆಯ ಶೀಲ್ಡು, ಫಲಕ ಯಾರ ಮನೆಯಲ್ಲಾದರೂ ಇದ್ದರೆ ತನ್ನಿ. ನಮ್ಮ ಅಂಗಡಿಯದ್ದೇ ಆಗಬೇಕಂತಿಲ್ಲ. ತಗಡಿನ ದುಡ್ಡು ಮಾತ್ರ ತೆಗೆದುಕೊಂಡು ಹೆಸರು ಕೆತ್ತಿ ಕೊಡುತ್ತೇವೆ. ಭಾನುವಾರ ಬಿಟ್ಟು ಯಾವತ್ತೂ ಬನ್ನಿ.

ಆ ಹಿರಿಯರ ಶೀಲ್ಡ್ ಇನ್ನೂ ನಮ್ಮ ಮೇಜಿನ ಮೇಲೆಯೇ ಇದೆ. ಹೆಸರು ಕೆತ್ತಿ ಆಯಿತು, ‘ಪೋಸ್ಟ್‌ಮ್ಯಾನ್’ ಅಂತಲೂ ಆಯಿತು. ಇಸವಿ ಬಾಕಿ. ಅವರು 1987 ಅನ್ನುತ್ತಾರೆ, ಅವರ ಹೆಂಡತಿ 1988 ಅನ್ನುತ್ತಾರೆ. ಮನೆಯಲ್ಲಿ ತೀರ್ಮಾನವಾದ ಕೂಡಲೇ ಫೋನ್ ಮಾಡುತ್ತಾರಂತೆ.

ಇಂತಿ ನಿಮ್ಮ,
ಅಂಗಡಿಯವರು