ರಸ್ತೆ ಏರಿತು, ಮನೆ ಇಳಿಯಿತು

ಮಾನ್ಯ ಸಂಪಾದಕರೇ,

ರಸ್ತೆ ಬಗ್ಗೆ ಓದುಗರ ಪತ್ರ ಬಂದರೆ ಅದು ಹೆಚ್ಚಾಗಿ ಗುಂಡಿಯ ಬಗ್ಗೆಯೇ ಇರುತ್ತದೆ. ಗುಂಡಿ ಗಾಡಿಯಲ್ಲಿ ಕೂತವರಿಗೂ ಗೊತ್ತಾಗುತ್ತದೆ, ಸೊಂಟವೇ ಹೇಳುತ್ತದೆ. ಆದರೆ ನಡೆದರೆ ಮಾತ್ರ ಕಾಣುವ ಕೆಲವು ಸಂಗತಿಗಳಿವೆ. ಅವುಗಳ ಬಗ್ಗೆ ಬರೆಯುವವರು ಕಡಿಮೆ, ಅದಕ್ಕೇ ಈ ಪತ್ರ.

ಮೊನ್ನೆ ಒಂದು ರಜೆಯ ದಿನ, ಇಂಥ ಕಡೆಗೆ ಅಂತ ಏನೂ ಇಲ್ಲದೆ, ನಮ್ಮ ಬಡಾವಣೆಯನ್ನು ಸುಮ್ನೆ ಪೂರ್ತಿ ಸುತ್ತಿ ಬಂದೆ. ದಿನಾ ಓಡಾಡುವ ಬೀದಿಗಳೇ. ಆದರೂ ಅರ್ಧಕ್ಕರ್ಧ ಹೊಸದು ಅನ್ನಿಸಿತು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ದಾಟಿಬಿಡುತ್ತೇವೆ. ಒಂದು ಮನೆ ಬಂದಿದ್ದೂ ಗೊತ್ತಿಲ್ಲ, ಹೋಗಿದ್ದೂ ಗೊತ್ತಿಲ್ಲ. ಅಷ್ಟೇ ದೂರ ನಡೆಯೋಕೆ ಎಂಟೊಂಬತ್ತು ಸೆಕೆಂಡು ಬೇಕು. ಗೇಟು ಯಾವತ್ತು ಬದಲಾಯಿತು, ಕಾಂಪೌಂಡು ಎಷ್ಟು ಎತ್ತರವಾಯಿತು, ಮೂಲೆಯಲ್ಲಿದ್ದ ಮರ ಎಲ್ಲಿ ಹೋಯಿತು, ಇಂಥವೆಲ್ಲ ತಲೆಗೆ ಬರುವುದು ಆ ಎಂಟೊಂಬತ್ತು ಸೆಕೆಂಡಿನಲ್ಲೇ.

ನನ್ನನ್ನು ನಿಲ್ಲಿಸಿದ್ದು ಒಂದು ಹಳೆ ಮನೆ. ಮೊದಲು ಆ ಮನೆಗೆ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಈಗ ಕಾಣುವುದು ಒಂದೇ, ಅದರಲ್ಲೂ ಅರ್ಧ ಡಾಂಬರಿನೊಳಗೆ ಹೂತಿದೆ. ಗೇಟು ತೆರೆಯುವಾಗ ರಸ್ತೆಗೆ ಉಜ್ಜುತ್ತದೆ ಅಂತ ಅದರ ಕೆಳಭಾಗವನ್ನು ಕತ್ತರಿಸಿದ್ದಾರೆ. ಬಾಗಿಲ ಮುಂದೆ ಇಟ್ಟಿಗೆ ಇಟ್ಟು ಒಂದು ಪುಟ್ಟ ಅಡ್ಡಗೋಡೆ ಕಟ್ಟಿದ್ದಾರೆ, ಮಳೆ ನೀರು ಒಳಗೆ ಬರದಿರಲಿ ಅಂತ. ಅಲ್ಲಿಂದ ಮುಂದೆ ಪ್ರತಿ ಹಳೆ ಮನೆಯ ಮೆಟ್ಟಿಲನ್ನೂ ನೋಡುತ್ತಾ ಹೋದೆ. ಹೆಚ್ಚುಕಡಿಮೆ ಎಲ್ಲ ಕಡೆ ಇದೇ ಕಥೆ.

ಆಗಿರುವುದು ಇಷ್ಟೇ. ರಸ್ತೆ ಹಾಳಾದಾಗಲೆಲ್ಲ ಹಳೆ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಹೊಸ ಪದರ ಹಾಕುತ್ತಾರೆ. ಒಂದು ಪದರ ನಾಲ್ಕು ಸೆಂಟಿಮೀಟರ್ ಅಂತಿಟ್ಟುಕೊಂಡರೂ ಐದು ಸಲ ಹಾಕಿದರೆ 20 ಸೆಂಟಿಮೀಟರ್ ಆಯಿತು. ಅಂದರೆ ಒಂದು ಮೆಟ್ಟಿಲಿಗಿಂತ ಜಾಸ್ತಿ. ಮನೆಗಳು ಇದ್ದಲ್ಲೇ ಇವೆ. ನೀರಿಗೆ ಏನು ಗೊತ್ತು, ತಗ್ಗು ಎಲ್ಲಿದೆಯೋ ಅಲ್ಲಿಗೆ ಹರಿಯುತ್ತದೆ. ಆಮೇಲೆ ಜೋರು ಮಳೆ ಬಂದು ಮನೆಯೊಳಗೆ ನೀರು ನುಗ್ಗಿದಾಗ ಎಲ್ಲರೂ ಚರಂಡಿಯನ್ನು ಬೈಯುತ್ತೇವೆ. ಹಳೆ ಪದರವನ್ನು ಕೆರೆಯುವ ಯಂತ್ರಗಳಿವೆ, ಕೆರೆದ ಡಾಂಬರನ್ನು ಮತ್ತೆ ಬಳಸಲೂ ಬರುತ್ತದೆ. ಇದೇನು ಹೊಸ ವಿದ್ಯೆ ಅಲ್ಲ. ಕೆರೆಯಲು ಸಮಯ ಮತ್ತು ದುಡ್ಡು ಬೇಕು, ಮೇಲೆ ಸುರಿದು ಹೋಗುವುದು ಸುಲಭ, ಅಷ್ಟೇ.

ಇಷ್ಟು ದಿನ ಇದು ನಮಗೆ ಯಾಕೆ ಕಾಣಲಿಲ್ಲ? ಒಂದೇ ರಾತ್ರಿಯಲ್ಲಿ ರಸ್ತೆಯನ್ನು ಅರ್ಧ ಅಡಿ ಎತ್ತರಿಸಿದ್ದರೆ ಬೀದಿಯವರೆಲ್ಲ ಬೆಳಗ್ಗೆಯೇ ಜಗಳಕ್ಕೆ ನಿಂತಿರುತ್ತಿದ್ದರು. ಬೆರಳಷ್ಟು ಬೆರಳಷ್ಟೇ ಏರಿದ್ದಕ್ಕೆ, ಅದೂ ವರ್ಷಗಳ ಅಂತರದಲ್ಲಿ, ಯಾರೂ ಕೇಳಲಿಲ್ಲ. ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಸಮುದ್ರದ ವಿಷಯದಲ್ಲಿ ಇಂಥದ್ದೇ ಮಾತು ಹೇಳಿದ್ದರು. ಪ್ರತಿ ತಲೆಮಾರಿನವರೂ ತಾವು ಕೆಲಸ ಶುರು ಮಾಡಿದಾಗ ಎಷ್ಟು ಮೀನಿತ್ತೋ ಅದನ್ನೇ ಸಹಜ ಅಂದುಕೊಳ್ಳುತ್ತಾರೆ, ಅದಕ್ಕೂ ಮೊದಲು ಎಷ್ಟಿತ್ತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಬೀದಿಗೂ ಇದು ಸರಿಯಾಗಿ ಅನ್ವಯಿಸುತ್ತದೆ ಅಲ್ವಾ? ಈಗ ಹುಟ್ಟಿದ ಮಗುವಿಗೆ ಆ ಮನೆಗೆ ಇದ್ದದ್ದೇ ಅರ್ಧ ಮೆಟ್ಟಿಲು.

ಮರಗಳದ್ದೂ ಅದೇ ಪಾಡು. ಫುಟ್‌ಪಾತ್ ಚೆಂದ ಮಾಡುವ ಹುರುಪಿನಲ್ಲಿ ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್ ಹಾಕಿದ್ದಾರೆ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮಣ್ಣಿನ ಮೇಲಿನ ಪದರದಲ್ಲೇ ಇರುತ್ತವೆ. ಅಲ್ಲಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ ಅಂದಮೇಲೆ ಮರ ಒಣಗುತ್ತದೆ, ಕೊನೆಗೆ 'ಅಪಾಯಕಾರಿ ಮರ' ಅಂತ ಕಡಿಯುತ್ತಾರೆ.

ಎಲ್ಲವೂ ಕೆಟ್ಟಿದೆ ಅಂತ ನಾನು ಹೇಳುತ್ತಿಲ್ಲ. ಬೀದಿದೀಪಗಳು ಈಗ ಎಲ್‌ಇಡಿ ಆಗಿವೆ, ಕರೆಂಟ್ ಉಳಿಯುತ್ತದೆ, ರಾತ್ರಿ ನಡೆಯಲು ಧೈರ್ಯವೂ ಬಂದಿದೆ. ಕಣ್ಣಿಗೆ ಚುಚ್ಚುವ ಆ ಬಿಳಿ ಬೆಳಕಿನ ಬದಲು ಸ್ವಲ್ಪ ಹಳದಿಯದ್ದು ಹಾಕಿದ್ದರೆ ಚೆನ್ನಾಗಿತ್ತು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ. ಬೀದಿದೀಪ 3000 ಕೆಲ್ವಿನ್ ದಾಟದಿರಲಿ ಅಂತ ಅಮೆರಿಕದ ವೈದ್ಯರ ಸಂಘ 2016ರಲ್ಲೇ ಸಲಹೆ ಕೊಟ್ಟಿದೆ.

ಫುಟ್‌ಪಾತಿನಲ್ಲಿ ಉಬ್ಬುಗೆರೆಯ ಹಳದಿ ಹಾಸುಗಳೂ ಬಂದಿವೆ. ಕಣ್ಣು ಕಾಣದವರು ಕೋಲಿನಿಂದ, ಪಾದದಿಂದ ದಾರಿ ಗುರುತಿಸಲಿ ಅಂತ ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಇಂಥ ಹಾಸು ರೂಪಿಸಿದರು, 1967ರಲ್ಲಿ ಒಕಾಯಾಮಾ ನಗರದಲ್ಲಿ ಮೊದಲ ಸಲ ಹಾಕಿದರು. ನಮ್ಮಲ್ಲಿ ಆ ಹಳದಿ ಗೆರೆಯನ್ನೇ ನಂಬಿ ಹೋದರೆ ನೇರ ವಿದ್ಯುತ್ ಕಂಬಕ್ಕೆ ಹಣೆ ಬಡಿಯುತ್ತದೆ. ಹಾಕಿದವರು ಒಮ್ಮೆ ಅದರ ಮೇಲೆ ನಡೆದು ನೋಡಿದ್ದರೂ ಸಾಕಿತ್ತು.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಯಾವುದೇ ರಸ್ತೆಗೆ ಡಾಂಬರು ಹಾಕುವ ಮೊದಲು ಎಂಜಿನಿಯರ್ ಮತ್ತು ವಾರ್ಡಿನ ಸದಸ್ಯರು ಆ ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದು ಹೋಗಲಿ, ಕಾರು ಬಿಟ್ಟು. ಎರಡೂ ಬದಿಯ ಹೊಸ್ತಿಲುಗಳು ರಸ್ತೆಯಿಂದ ಎಷ್ಟು ಎತ್ತರದಲ್ಲಿವೆ ಅಂತ ಬರೆದುಕೊಳ್ಳಲಿ. ಕೆಲಸ ಮುಗಿದ ಮೇಲೂ ಅಳತೆ ಅಷ್ಟೇ ಇರಬೇಕು, ಇಲ್ಲದಿದ್ದರೆ ಬಿಲ್ ಪಾಸಾಗಬಾರದು.

ತಾವೂ ಒಂದು ಉಪಕಾರ ಮಾಡಬಹುದು. ಮನೆ ಮುಂದೆ ನಿಂತು ತೆಗೆಸಿಕೊಂಡ ಹಳೆ ಫೋಟೊ ಎಷ್ಟೋ ಓದುಗರ ಬಳಿ ಇರುತ್ತದೆ. ಅದೇ ಜಾಗದಲ್ಲಿ ಈಗ ಮತ್ತೊಂದು ತೆಗೆದು ಎರಡನ್ನೂ ಕಳಿಸಿ ಅಂತ ಕೇಳಿ, ವಾರಕ್ಕೊಂದು ಜೋಡಿ ಅಚ್ಚು ಹಾಕಿ. ನನ್ನ ಬಳಿ ಇರುವುದನ್ನು ಹುಡುಕಿ ಇಟ್ಟಿದ್ದೇನೆ, ಎಲ್ಲಿಗೆ ಕಳಿಸಬೇಕು ಅಂತ ತಿಳಿಸಿದರೆ ಸಾಕು.

ಇಂತಿ,
ಒಬ್ಬ ಓದುಗ