ದೋಸ್ತ, ನಮ್ಮ ಕಲಬುರಗಿಗೂ ಥಂಡಿ ಬಂತು

ದೋಸ್ತ,

ಹೆಂಗಿದ್ದಿ? ನಿನ್ನೆ ರಾತ್ರಿ ನಮ್ಮನ್ಯಾಗ ಫ್ಯಾನ್ ಬಂದ್ ಆತು. ಕರೆಂಟ್ ಹೋಗಿ ಅಲ್ಲೋ, ನಾವೇ ಕೈಯಾರೆ ಬಂದ್ ಮಾಡಿದ್ವಿ! ಹೋಳಿ ಹುಣ್ಣಿಮಿಗಿ ಶುರುವಾಗಿದ್ದು ದೀಪಾವಳಿ ದಾಟಿದ ಮ್ಯಾಲ ಈಗ ನಿಂತದ, ಅದು ನಿಂತ್ರ ಮನಿ ಎಷ್ಟು ಸುಮ್ನಾಗ್ತದಂದ್ರ ಗ್ವಾಡಿ ಗಡಿಯಾರದ ಟಕ್ ಟಕ್ಕು, ದೂರದ ರೈಲಿನ ಸೀಟಿ ಎಲ್ಲಾ ಕೇಳ್ಸಿ ನನಗ ನಿದ್ದಿನೇ ಬರ್ಲಿಲ್ಲ.

ಮುಂಜಾನಿ ನೋಡಿದ್ರ ಕೊಬ್ರಿ ಎಣ್ಣಿ ಬಾಟ್ಲಿ ಗಟ್ಟಿ. ಅವ್ವ ಅದನ್ನ ಕಟ್ಟಿ ಮ್ಯಾಲ ಬಿಸಿಲಿಗಿ ಇಟ್ಟು ತಾನೂ ಬಾಜೂಕ ಕುಂತಾಳ, ಎಣ್ಣಿ ಕರಗಿದ್ರೂ ಏಳವಲ್ಲಳು. ಬಿಸಿಲಿಗಿ ಬೈಕೋತ ಇರೋ ಹೆಣ್ಮಗಳು ಅದೇ ಬಿಸಿಲಿಗಿ ಬೆನ್ನು ಕೊಟ್ಟು ಕುಂಡ್ರೋದು ಈ ಎರಡು ತಿಂಗಳು ಮಾತ್ರ.

ನೀ ಬೆಂಗಳೂರಾಗ ಕುಂತು "14 ಡಿಗ್ರಿಗೆ ಇಷ್ಟು ಕುಣಿತೀಯಲ್ಲೋ" ಅಂತ ಮೆಸೇಜ್ ಹಾಕಿದ್ದಿ. ಅಲ್ಲೋ ಮಾರಾಯ, ಮರ್ತೀ ಏನು? ಮೇ ತಿಂಗಳದಾಗ ಇಲ್ಲಿ 42-43 ಇರ್ತದ, ಸರ್ಕಾರನೇ ಹೆದರಿ ಆಫೀಸ್ ಟೈಮು ಮುಂಜಾನಿ 8ರಿಂದ 1:30 ಮಾಡ್ತದ, ಟಾಕಿ ನಳ ಬಿಟ್ರ ಕೈ ಸುಡ್ತದ. ಅಷ್ಟು ಬೆಂದ ಮೈಗಿ 14 ಅಂದ್ರ ಏನು ಅನ್ನೋದು 3000 ಅಡಿ ಎತ್ತರದಾಗ ವರ್ಷಾ ಪೂರ್ತಿ ತಂಪಗ ಇರೋ ನಿಮಗ ಹೆಂಗ ತಿಳೀಬೇಕು. ನಿಮ್ದು ಥಂಡಿ ಅಲ್ಲ, ಬರೇ ಜಾಕೆಟ್.

ಥಂಡಿ ಹೋದ ವಾರನೇ ಬಂದಿತ್ತು ಖರೆ, ನಡುವ ಎರಡು ದಿನ ಮೋಡ ಕವಿದು ಮಾಯ ಆಗಿಬಿಡ್ತು. ಮುಗಿಲು ಬೋಳಾಗಿ ಒಣಾ ಬಡಗಣ ಗಾಳಿ ಬಿಟ್ರೇ ಹಗಲೆಲ್ಲಾ ಕಾದ ನೆಲ ರಾತ್ರಿ ತಣ್ಣಗಾಗ್ತದ, ಮೋಡ ಇದ್ರ ಕೌದಿ ಹೊಚ್ಚಿದಂಗ ನೋಡು, ಕಾವು ಒಳಗೇ ಉಳೀತದ. ಕಾಕಾಗ ಬ್ಯಾರೇನೇ ಚಿಂತಿ, ಹಿಂಗ ಮೋಡ ನಿಂತ್ರ ತೊಗರಿ ಹೂ ಉದುರ್ತಾವ, ಕಾಯಿಗಿ ಹುಳ ಬೀಳ್ತದ ಅಂತ. ನಾ ಥಂಡಿಗಿ ಕಾದ್ರ ಅವ ತೊಗರಿಗಿ ಕಾದ, ಇಬ್ರದೂ ಆತು.

ಈಗ ಸಂಜಿ ಆದ್ರ ಬಂಡಿ ಮ್ಯಾಲ ಉಪ್ಪು ಹಾಕಿ ಕುದಿಸಿದ ತೊಗರಿಕಾಯಿ, ಹೊಗಿ ಆಡ್ಕೋತ. ಸುಲಗಾಯಿ (ಹಸಿ ಕಡ್ಲಿ), ಸೀತನಿ (ಎಳಿ ಜ್ವಾಳದ ತೆನಿ) ಇನ್ನಾ ಬರಬೇಕು. ಅಪ್ಪನ ಕೆರಿ ಕಡಿ ಮುಂಜಾನಿ ವಾಕಿಂಗ್ ಹೋದ್ರ ಎಲ್ಲಾರೂ ಮಂಕಿ ಟೋಪಿ, ಯಾರು ಯಾರಂತ ಗುರ್ತೇ ಹತ್ತಲ್ಲ, ನಿನ್ನೆ ಯಾರಿಗೋ "ಸರ್ ನಮಸ್ಕಾರ" ಅಂದು ಅವರೂ ಅರಾಮ ಅಂತ ಕೇಳಿ, ಹತ್ತು ನಿಮಿಷ ಮಾತಾಡಿದ್ವಿ, ಯಾರಂತ ಇನ್ನಾ ಗೊತ್ತಿಲ್ಲ. 11 ಆಗೋದ್ರಾಗ ಸ್ವೆಟರ್ ಬಿಚ್ಚಿ ಗಾಡಿ ಡಿಕ್ಕಿಗಿ. ತುಟಿ ಒಡೆದು ನಗಲಿಕ್ಕ ಬರಲ್ಲ, ಅದೊಂದು ತ್ರಾಸ.

ಹಾಂ, ಮುಖ್ಯ ಮಾತು. ಟ್ರಂಕಿನ್ಯಾಗಿಂದ ಆಯಿ ಹೊಲಿದ ಕೌದಿ ತೆಗೆದೀವಿ, ಡಾಂಬರಗುಳಿಗಿ ವಾಸನಿ ಹೋಗ್ಲಿ ಅಂತ ಮಾಳಿಗಿ ಮ್ಯಾಲ ಹಾಕಿದ್ರ ಅದರಾಗ ನಿನ್ನ ಸಾಲಿ ಅಂಗಿ ತುಂಡು ಕಂಡ್ತು! ಹೋಳಿ ಆಡಿ ಬಣ್ಣ ಆಯ್ತಂತ ನಿಮ್ಮಪ್ಪಗ ಹೆದರಿ ನಮ್ಮನ್ಯಾಗ ಬಿಟ್ಟು ಹೋಗಿದ್ದಿಯಲ್ಲ, ಅದೇ. ಗುಲಾಬಿ ಕಲೆ ಇನ್ನಾ ಹೋಗಿಲ್ಲ.

ಎಳ್ಳ ಅಮಾಸಿಗಿ ರಜಾ ಹಾಕಿ ಬಾ. ಹೊಲಕ್ಕ ಹೋಗಿ ಬೆಳಿಗಿ ಚರಗ (ನೈವೇದ್ಯ) ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಹೊಡೆದು ಅಲ್ಲೇ ಬೇವಿನ ಗಿಡದ ಕೆಳಗ ಬೀಳೋಣು. ಜಾಕೆಟ್ ತರಬ್ಯಾಡ, ರಾತ್ರಿ ಹೊಚ್ಕೋಳಾಕ ಇದೇ ಕೌದಿ ಕೊಡ್ತೀನಿ, ಆದ್ರ ನಿನ್ನ ಅಂಗಿ ತುಂಡು ಕಾಲ ಕಡಿ ಮೂಲ್ಯಾಗ ಅದ, ಸಿಟ್ಟಾಗಬ್ಯಾಡ.

ನಿನ್ನ ದೋಸ್ತ